ನಟ್ಟಿನ ಮೇಲಿನ ಬಿಳಿ ಗೆರೆ

"ಅಜ್ಜಾರ, ಒಮ್ಮೆ ಬಿಗಿ ಮಾಡಿದ ಮನಸ್ಸು ಮತ್ತ ಯಾಕ ಸಡಲ ಆಗತೈತ್ರಿ?"

ಷಡಕ್ಷರಿ ಹೀಗೆ ಕೇಳಿದ್ದು ಬೆಳಗಿನ ಪೂಜೆ ಮುಗಿದ ಮೇಲೆ. ಅವನು ಕಲ್ಲುಗುಡ್ಡಗಳ ಸೀಮೆಯ ಒಂದು ಸಣ್ಣ ಮಠದ ಶಿಷ್ಯ. ಬಂದು ಏಳು ವರ್ಷವಾಗಿತ್ತು. ಓದಿನಲ್ಲಿ ಚುರುಕು, ಕೆಲಸದಲ್ಲಿ ಅಚ್ಚುಕಟ್ಟು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮುಂದಿನ ತಿಂಗಳು ಅವನಿಗೆ ಒಂದು ಶಾಖಾಮಠವನ್ನು ಒಪ್ಪಿಸುವ ಮಾತು ನಡೆದಿತ್ತು. ಸಿಟ್ಟಿನವನ ಕೈಗೆ ಮಠ ಕೊಡುತ್ತಾರೋ ಇಲ್ಲವೋ ಎಂಬ ಚಿಂತೆ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

"ಮೊದಲನೇ ಸಲ ಸಿಟ್ಟು ಬಂದಾಗ ಹನ್ನೊಂದು ದಿನ ಮೌನ ಹಿಡದೆ," ಎಂದ. "ಎರಡನೇ ಸಲ ಒಂದು ತಿಂಗಳು ಉಪ್ಪು ಬಿಟ್ಟೆ. ಮೂರನೇ ಸಲ ಹತ್ತು ಸಾವಿರ ಜಪ ಮಾಡಿದೆ. ಒಂದೂ ತಪ್ಪಿಸಲಿಲ್ಲ. ಆದರೂ ನಿನ್ನೆ ಪ್ರಸಾದದ ಪಂಕ್ತಿಯಾಗ ಒಬ್ಬನ ಮ್ಯಾಲ ಮತ್ತ ಬಂತು. ಈ ಸಲ ದೊಡ್ಡ ವ್ರತಾನ ಕೊಡ್ರಿ. ಒಂದು ವರ್ಷ ಮೌನ. ಒಂದ ಸಲಕ್ಕ ಮುಗದು ಹೋಗಲಿ."

ಗುರುಗಳ ಹೆಸರು ರುದ್ರಯ್ಯಜ್ಜ. ಮಠಕ್ಕೆ ಬರುವ ಮೊದಲು ಅವರು ಹನ್ನೆರಡು ವರ್ಷ ಗ್ಯಾರೇಜಿನಲ್ಲಿ ಕೆಲಸ ಮಾಡಿದವರು. ಬೇರೆ ಗುರುಗಳ ದೃಷ್ಟಾಂತಗಳಲ್ಲಿ ರಾಜ ಬರುತ್ತಾನೆ, ಆನೆ ಬರುತ್ತದೆ, ಮುತ್ತಿನ ಹಾರ ಬರುತ್ತದೆ. ಇವರ ದೃಷ್ಟಾಂತಗಳಲ್ಲಿ ಗ್ರೀಸು, ಬೇರಿಂಗು, ಪಂಕ್ಚರು. ಶಿಷ್ಯರು ಬೆನ್ನ ಹಿಂದೆ ನಗುತ್ತಿದ್ದರು. ಅದು ಅಜ್ಜನಿಗೂ ಗೊತ್ತಿತ್ತು.

"ವರ್ಷ ಪೂರ್ತಿ ಮೌನ ಬೇಕೇನು?"

"ಹೌದ್ರಿ."

"ಕೂಡು. ಬಾಯಿ ಮುಚ್ಚೂದು ಇದ್ದದ್ದ. ಅದಕಿಂತ ಮೊದಲ ಒಂದು ಕತಿ ಕೇಳು."

ಅಜ್ಜ ಹೇಳಿದ ಕತೆ ಇದು.

ಒಂದು ಗುಡ್ಡವಿತ್ತು. ಗುಡ್ಡದ ಮೇಲೆ ನಲವತ್ತು ಮನೆಗಳಿದ್ದವು. ಬಸ್ಸು ಬುಡದವರೆಗೆ ಬರುತ್ತಿತ್ತು. ಅಲ್ಲಿಂದ ಮೇಲಕ್ಕೆ ಬಂಡೆಗಳ ಸಂದಿಯ ದಾರಿ. ಜೀಪು ಕೂಡ ಹತ್ತುವುದಿಲ್ಲ. ಮೇಲೆ ಯಾರಾದರೂ ಜಡ್ಡು ಬಿದ್ದರೆ ಕಂಬಳಿಯಲ್ಲಿ ಜೋಲಿ ಕಟ್ಟಿ, ಬಿದಿರಿಗೆ ತೂಗುಹಾಕಿ, ನಾಲ್ಕು ಜನ ಹೊತ್ತು ಇಳಿಸಬೇಕಾಗಿತ್ತು. ಬುಡ ಮುಟ್ಟುವ ಹೊತ್ತಿಗೆ ಕೆಲವರಲ್ಲಿ ಉಸಿರಿರುತ್ತಿತ್ತು, ಕೆಲವರಲ್ಲಿ ಇರುತ್ತಿರಲಿಲ್ಲ.

ಊರಿನ ಈ ಪಾಡು ನೋಡಿ ಯಾರೋ ಪುಣ್ಯಾತ್ಮರು ಒಂದು ಎ.ಟಿ.ವಿ. ಕೊಡಿಸಿದರು.

"ಅದೆಂಥಾದ್ರಿ?" ಎಂದ ಷಡಕ್ಷರಿ.

"ಬೈಕಿನ ಹಾಂಗ ಕಾಲು ಅಗಲಿಸಿ ಕೂಡೂದು, ಹ್ಯಾಂಡಲ್ ಹಿಡಿಯೂದು. ಗಾಲಿ ಮಾತ್ರ ನಾಕು, ಒಂದೊಂದೂ ಡುಮ್ಮಗ. ಕಲ್ಲಿರಲಿ, ಉಸುಕಿರಲಿ, ಕೆಸರಿರಲಿ, ಹತ್ತಿಕೋತ ಹೋಗತೈತಿ. ಏಳು ವರ್ಷ ಶಾಸ್ತ್ರ ಓದಿದಿ. ಕಿಟಕಿಯಾಗ ಒಮ್ಮೆಯರ ಹೊರಗ ನೋಡಿದ್ದರ ಗೊತ್ತಾಗತಿತ್ತು."

ಅಜ್ಜ ಕತೆ ಮುಂದುವರಿಸಿದರು.

ಗಾಡಿ ನಡೆಸುವುದಕ್ಕೆ ಒಬ್ಬ ಚಾಲಕ ಸಿಕ್ಕ. ಅದೇ ಗುಡ್ಡದವನು. ಅವನ ತಾಯಿ ಜೋಲಿಯಲ್ಲಿ ಇಳಿಯುವಾಗಲೇ ತೀರಿಕೊಂಡಿದ್ದಳು. ಹಾಗಾಗಿ ಆ ಗಾಡಿಯೆಂದರೆ ಅವನಿಗೆ ಜೀವ. ವಾರಕ್ಕೆ ಎರಡು ದಿನ ಬುಡದ ಆಸ್ಪತ್ರೆಯ ನರ್ಸಮ್ಮನನ್ನು, ಅವಳ ಔಷಧದ ಪೆಟ್ಟಿಗೆಯನ್ನು ಮೇಲಕ್ಕೆ ಒಯ್ಯುತ್ತಿದ್ದ. ಉಳಿದ ದಿನ ಬಸುರಿಯರು, ಮುದುಕರು, ಕಾಲು ಮುರಿದವರು. ಕರೆದರೆ ಸಾಕು, ಉಣ್ಣುವ ತಾಟು ಬಿಟ್ಟು ಏಳುತ್ತಿದ್ದ. ಜೋಲಿಯ ಬಿದಿರನ್ನು ಊರಿನವರು ದನದ ಕೊಟ್ಟಿಗೆಯ ಮೂಲೆಗೆ ಎಸೆದರು.

ಒಂದು ವರ್ಷ ಕಳೆಯಿತು. ಗಾಡಿಯ ಹಿಂಭಾಗ ಬಾತುಕೋಳಿ ನಡೆದ ಹಾಗೆ ಓಲಾಡತೊಡಗಿತು. ತಿರುವಿನಲ್ಲಿ ಕಟಕಟ ಸದ್ದು. ಚಾಲಕ ಅದನ್ನು ಬುಡದ ಊರಿನ ಮಿಸ್ತ್ರಿಯ ಹತ್ತಿರ ಒಯ್ದ.

ಈ ಮಿಸ್ತ್ರಿ ಅವಸರದ ಮನುಷ್ಯನಲ್ಲ. ಮೊದಲು ಜಾಕಿ ಕೊಟ್ಟು ಗಾಡಿಯ ಹಿಂಭಾಗವನ್ನು ಎತ್ತಿದ. ಒಂದು ಗಾಲಿಯ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದ. ಅಲ್ಲಾಡಿಸುತ್ತಾ ಅದನ್ನು ನೋಡಲಿಲ್ಲ, ಆಚೆ ಕಡೆಯ ಗಾಲಿಯನ್ನು ನೋಡಿದ.

"ಅಲ್ಲೇನು ನೋಡತೀರಿ? ಸಡಲ ಆಗಿದ್ದು ಈ ಕಡೆ," ಎಂದ ಚಾಲಕ.

"ಹಿಡಿದ ಗಾಲಿ ಒಂದ ಅಲ್ಲಾಡಿದರ ಜಡ್ಡು ಗಾಲಿದು. ಆ ಕಡೇದೂ ಜೊತೀಗೆ ಅಲ್ಲಾಡಿದರ ಜಡ್ಡು ನಡುವಿನ ಆಕ್ಸಲ್‌ದು. ನೋಡು, ಎರಡೂ ತಲಿ ಹಾಕಾಕತ್ಯಾವ."

ಆಕ್ಸಲ್ ಎಂದರೆ ಹಿಂದಿನ ಎರಡು ಗಾಲಿಗಳನ್ನು ಹಿಡಿದಿಡುವ ಅಚ್ಚು. ಈ ಗಾಡಿಯಲ್ಲಿ ಅದು ಒಂದೇ ಉಕ್ಕಿನ ಸರಳು. ಮಿಸ್ತ್ರಿ ಅದನ್ನು ಬಿಚ್ಚಿ ಎಳೆದ. ಒಳಗಿನ ಬೇರಿಂಗು ಸವೆದು ಗುಂಡುಗಳು ಒಣ ಬಟಾಣಿಯ ಹಾಗೆ ಗಲಗಲ ಅನ್ನುತ್ತಿದ್ದವು. ಹೊಸ ಬೇರಿಂಗು ಪಟ್ಟಣದಿಂದ ಬರಬೇಕು, ಮೂರು ದಿನ ಗಾಡಿ ಇಲ್ಲೇ ಇರಲಿ ಎಂದ.

ಆ ಮೂರು ದಿನಗಳಲ್ಲಿ ಮೇಲೆ ಒಬ್ಬ ಮುದುಕನಿಗೆ ಎದೆನೋವು ಬಂತು. ಕೊಟ್ಟಿಗೆಯಿಂದ ಬಿದಿರು ಮತ್ತೆ ಹೊರಗೆ ಬಂತು. ಮುದುಕ ಬದುಕಿಕೊಂಡ. ಆದರೆ ಜೋಲಿ ಇಳಿದು ಬರುವುದನ್ನು ಬುಡದಲ್ಲಿ ನಿಂತು ನೋಡಿದ ಚಾಲಕನಿಗೆ ತಾಯಿ ನೆನಪಾದಳು. ಇನ್ನೊಮ್ಮೆ ಈ ಗಾಡಿ ನಿಲ್ಲಬಾರದು, ಏನೇ ಆಗಲಿ ನಿಲ್ಲಬಾರದು ಎಂದುಕೊಂಡ. ಒಳ್ಳೆಯ ಮನಸ್ಸಿನಿಂದಲೇ ಅಂದುಕೊಂಡ.

ಬೇರಿಂಗು ಬಂತು. ಮಿಸ್ತ್ರಿ ಹಳೆಯ ಗ್ರೀಸನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದ, ಹೊಸ ಗ್ರೀಸು ತುಂಬಿದ, ಅಚ್ಚನ್ನು ಕೂಡಿಸಿದ. ಅದನ್ನು ಬಿಗಿಯಾಗಿ ಹಿಡಿಯುವುದಕ್ಕೆ ಒಂದರ ಪಕ್ಕ ಒಂದು ಎರಡು ದೊಡ್ಡ ನಟ್ಟುಗಳು. ಒಳಗಿನದನ್ನು ಬಿಗಿದ. ಹೊರಗಿನದನ್ನು ಬಿಗಿದ. ಆಮೇಲೆ ಹೊರಗಿನದನ್ನು ನಟ್ಟು ತಿರುಗಿಸುವ ಒಂದು ಪಾನಾದಿಂದ ಗಟ್ಟಿಯಾಗಿ ಹಿಡಿದು, ಇನ್ನೊಂದು ಪಾನಾ ಹಾಕಿ ಒಳಗಿನದನ್ನು ಬಿಚ್ಚುವ ಕಡೆಗೆ ತಿರುಗಿಸಿದ.

"ಬಿಗಿದದ್ದನ್ನ ಬಿಚ್ಚತೀರಲ್ರಿ," ಎಂದ ಚಾಲಕ.

ಇಲ್ಲಿ ಷಡಕ್ಷರಿಗೂ ತಡೆಯಲಾಗಲಿಲ್ಲ. "ನನಗೂ ಅದ ಅನಸ್ತು. ಹಾಂಗ ಯಾಕ ಮಾಡಿದ್ರಿ?" ಎಂದ.

"ಮಾಡಿದ್ರಿ ಅಂದ್ರ? ಮಿಸ್ತ್ರಿ ನಾ ಅಂತ ಯಾರು ಹೇಳಿದರು ನಿನಗ?" ಎಂದರು ಅಜ್ಜ. ಆದರೂ ಪ್ರಶ್ನೆ ಅವರಿಗೆ ಹಿಡಿಸಿತು. ಎರಡು ಮುಷ್ಟಿಗಳನ್ನು ಎದುರಾಬದುರು ಒತ್ತಿ ತೋರಿಸಿದರು. "ಎರಡೂ ಒಂದ ಕಡೆ ಮುಖಾ ಮಾಡಿ ಕುಂತರ ಎರಡೂ ಕೂಡೇ ಸಡಲ ಆಗತಾವ. ಒಂದನ್ನ ಹಿಂದಕ್ಕ ತಿರುವಿದರ ಅದು ಇನ್ನೊಂದನ್ನ ಒತ್ತತೈತಿ, ಇನ್ನೊಂದು ಇದನ್ನ ಒತ್ತತೈತಿ. ಆಗ ಎರಡೂ ಗಟ್ಟಿ ಕೂಡತಾವ. ತಿಳೀತಿಲ್ಲೋ?"

"ತಿಳೀತ್ರಿ. ಆಮ್ಯಾಲ ಸಡಲ ಆಗೂದ ಇಲ್ಲೇನ್ರಿ?"

"ಅದನ್ನ ಅವನೂ ಕೇಳಿದ."

ಚಾಲಕ ಕೇಳಿದ್ದೂ ಅದನ್ನೇ. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತಾ, "ಆಗತೈತಿ," ಎಂದ. "ನಿನ್ನ ದಾರಿ ತುಂಬ ಬಂಡಿಗಲ್ಲು. ದಿನಾ ಅಲುಗಾಡಿದರ ಎಂಥಾ ನಟ್ಟೂ ಒಂದಿನ ಸಡಲ ಆಗೂದ. ಅದು ನಟ್ಟಿನ ತಪ್ಪಲ್ಲ, ನಿಂದೂ ಅಲ್ಲ. ಸಡಲ ಆದದ್ದು ಗೊತ್ತಾದರ ಸಾಕು."

ಹೀಗೆ ಹೇಳಿ ಒಂದು ಸಣ್ಣ ಡಬ್ಬಿಯ ಬಿಳಿ ಬಣ್ಣ ತೆಗೆದ. ಒಂದು ಕಡ್ಡಿಯನ್ನು ಅದರಲ್ಲಿ ಅದ್ದಿ, ಅಚ್ಚಿನ ಮೇಲಿಂದ ಎರಡೂ ನಟ್ಟುಗಳ ಮೇಲೆ ಹಾಯುವಂತೆ ಒಂದೇ ನೇರ ಗೆರೆ ಎಳೆದ.

"ಇದು ಬಿಗಿ ಮಾಡೂದಿಲ್ಲ. ಬರೇ ಹೇಳತೈತಿ. ದಿನಾ ಮುಂಜಾನೆ ಬಗ್ಗಿ ನೋಡು. ಅಚ್ಚಿನ ಮ್ಯಾಲಿನ ಗೆರಿ, ನಟ್ಟಿನ ಮ್ಯಾಲಿನ ಗೆರಿ ಕೂಡಿದ್ದರ ಹೋಗು. ಕೂದಲದಷ್ಟು ಸರಿದಿದ್ದರೂ ಹೋಗಬ್ಯಾಡ, ಇಲ್ಲಿಗೆ ಬಾ. ಮತ್ತ ಆ ಜಾಗಕ್ಕ ನೀರಿನ ಪೈಪು ಬಿಡಬ್ಯಾಡ, ನೀರು ಬೇರಿಂಗಿನ ಒಳಗ ಹೊಕ್ಕತೈತಿ. ಅರಿವಿಲೇ ಒರಸು."

"ಗೆರಿ ಮಾಸಿದರ?"

ಮಿಸ್ತ್ರಿಯ ಮುಂದೆ ಇನ್ನೂ ಮೂರು ಗಾಡಿಗಳು ಕಾಯುತ್ತಿದ್ದವು. ಡಬ್ಬಿಯನ್ನೇ ಅವನ ಕೈಗೆ ಕೊಟ್ಟ.

ಚಾಲಕ ಮಾತು ಮೀರಲಿಲ್ಲ. ದಿನಾ ಬೆಳಗ್ಗೆ ಗಾಡಿ ಒರೆಸಿ, ಹ್ಯಾಂಡಲಿಗೆ ಕುಂಕುಮವಿಟ್ಟು, ಹಿಂದೆ ಬಗ್ಗಿ ಗೆರೆ ನೋಡುತ್ತಿದ್ದ. ಗೆರೆ ಕೂಡಿರುತ್ತಿತ್ತು. ಹೊರಡುತ್ತಿದ್ದ. ತಿಂಗಳಾದ ಮೇಲೆ ಕೆಸರು ಬಡಿದು ಗೆರೆ ಮಾಸಿತು. ಡಬ್ಬಿ ತೆಗೆದು ಅದೇ ಜಾಗದಲ್ಲಿ ಮತ್ತೆ ಎಳೆದ. ಇದರಲ್ಲಿ ತಪ್ಪೇನೂ ಇರಲಿಲ್ಲ.

ಮೂರನೆಯ ತಿಂಗಳಿನ ಒಂದು ಬೆಳಗ್ಗೆ ಬಗ್ಗಿ ನೋಡಿದಾಗ ಗೆರೆ ಒಂದಿಷ್ಟು ಮುರಿದ ಹಾಗೆ ಕಂಡಿತು. ಕೂದಲಷ್ಟೇ. ಅವತ್ತು ಶುಕ್ರವಾರ. ಬುಡದಲ್ಲಿ ನರ್ಸಮ್ಮ ಕಾಯುತ್ತಿದ್ದಾಳೆ. ಮೇಲೆ ಹನ್ನೆರಡು ಕೂಸುಗಳಿಗೆ ಚುಚ್ಚುಮದ್ದಿದೆ. ಗಾಡಿ ಮಿಸ್ತ್ರಿಯ ಹತ್ತಿರ ಹೋದರೆ ಎಷ್ಟು ದಿನವೋ. ಅವನ ಕಣ್ಣ ಮುಂದೆ ಬಿದಿರು ಬಂದು ನಿಂತಿತು. ಮೊನ್ನೆ ಬಣ್ಣ ಹಚ್ಚುವಾಗ ನನ್ನ ಕೈಯೇ ನಡುಗಿರಬೇಕು ಎಂದುಕೊಂಡ. ಡಬ್ಬಿ ತೆಗೆದ. ಗೆರೆಯನ್ನು ನೇರ ಮಾಡಿದ. ನೇರವಾದ ಗೆರೆ ನೋಡಿ ಅವನ ಎದೆ ಹಗುರಾಯಿತು. ಗಾಡಿ ಹತ್ತಿತು, ಇಳಿಯಿತು, ಏನೂ ಆಗಲಿಲ್ಲ.

ಹಗುರಾದ ಎದೆಯ ರುಚಿ ಕೆಟ್ಟದ್ದು. ಅದು ಮತ್ತೆ ಬೇಕೆನಿಸುತ್ತದೆ. ಹತ್ತು ದಿನಕ್ಕೆ ಇನ್ನೊಮ್ಮೆ ನೇರ ಮಾಡಿದ. ಆಮೇಲೆ ಐದು ದಿನಕ್ಕೊಮ್ಮೆ. ಕೊನೆಗೆ ದಿನವೂ. ಹೆಂಗಸರು ಬೆಳಗ್ಗೆ ಎದ್ದು ಬಾಗಿಲ ಮುಂದೆ ರಂಗೋಲಿ ಹಾಕುವುದಿಲ್ಲವೇ, ಹಾಗೆ ಇವನು ಎದ್ದ ಕೂಡಲೇ ನಟ್ಟಿನ ಮೇಲೆ ಗೆರೆ ಎಳೆಯತೊಡಗಿದ. ನಿನ್ನೆಯ ಗೆರೆ ಹೇಗಿದೆ ಎಂದು ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಗೆರೆ ಎಳೆದ ಮೇಲೆ ಸ್ವಲ್ಪ ಹಿಂದೆ ಸರಿದು ನಿಂತು ನೋಡುವುದು, ಅದು ನೇರವಾಗಿರುವುದು, ಇವನು ಕಿಕ್ ಹೊಡೆದು ಹೊರಡುವುದು. ಆರು ತಿಂಗಳಿಂದ ನನ್ನ ಗೆರೆ ಮುರಿದಿಲ್ಲ ಎಂದು ಊರಿನವರ ಮುಂದೆ ಹೇಳಿಕೊಳ್ಳುತ್ತಲೂ ಇದ್ದ. ಹೇಳುವಾಗ ಅವನಿಗೆ ಸುಳ್ಳು ಹೇಳುತ್ತಿದ್ದೇನೆ ಅನಿಸುತ್ತಿರಲಿಲ್ಲ.

ಒಮ್ಮೆ ನರ್ಸಮ್ಮ ಕೇಳಿದಳು. "ಹಿಂದ ಏನೋ ಕಟಕಟ ಅಂತೈತಲ್ಲಪ್ಪಾ, ಗೆರಿ ನೋಡಿದೇನು?"

"ಕಲ್ಲಿನ ಸದ್ದು ಅಕ್ಕಾರ. ಗೆರಿ ಮುಂಜಾನೇನ ನೆಟ್ಟಗ ಐತಿ."

ಅವಳಿಗೆ ಅಷ್ಟು ಸಾಕಾಯಿತು. ಅವಳು ಕುಳಿತುಕೊಂಡಳು.

ಗಾಡಿ ಬೇರೆ ಬೇರೆ ಬಾಯಿಂದ ಹೇಳುತ್ತಲೇ ಇತ್ತು. ಚೈನು ಒಂದು ಕಡೆ ಬಿಗಿ, ಒಂದು ಕಡೆ ಸಡಿಲವಾಯಿತು. ಅವನು ಚೈನನ್ನು ಸರಿ ಮಾಡಿದ. ಎಡಗಾಲಿಯ ರಬ್ಬರು ಒಂದೇ ಅಂಚಿನಲ್ಲಿ ಸವೆಯಿತು. ಅವನು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ. ಬ್ರೇಕು ತುಳಿದರೆ ನಡುಗಿತು. ಬ್ರೇಕಿನ ಪ್ಯಾಡು ಬದಲಿಸಿದ. ಬೆವರು ಸುರಿಸಿ ಎಲ್ಲ ಕಡೆ ಕೈಯಾಡಿಸಿದ, ಆ ಒಂದು ಜಾಗ ಬಿಟ್ಟು. ಆ ಜಾಗ ನೇರವಾಗಿದೆಯಲ್ಲ.

"ಅವಗ ಖರೇನ ಗೊತ್ತಿರಲಿಲ್ಲೇನ್ರಿ?" ಎಂದ ಷಡಕ್ಷರಿ.

"ನಾನೂ ಭಾಳ ದಿನ ಅದನ್ನ ವಿಚಾರ ಮಾಡೀನಿ," ಎಂದರು ಅಜ್ಜ. "ಕೈಗೆ ಗೊತ್ತಿತ್ತು. ಅದಕ ಅದು ದಿನಾ ಡಬ್ಬಿ ಹುಡುಕತಿತ್ತು. ತಲಿಗೆ ಹೇಳಿರಲಿಲ್ಲ."

ಮಳೆ ನಿಂತು ಬಿಸಿಲು ಬಿದ್ದ ಒಂದು ಮಂಗಳವಾರ ಮೇಲಿನಿಂದ ಸುದ್ದಿ ಬಂತು. ನಾಲ್ಕು ದಿನದ ಕೂಸು ಬೆಳಗಿನಿಂದ ಹಾಲು ಕುಡಿದಿಲ್ಲ, ಮೈ ಕಾದಿದೆ. ನರ್ಸಮ್ಮ ಪೆಟ್ಟಿಗೆ ಹಿಡಿದು ಓಡಿಬಂದಳು. ಚಾಲಕ ಗಾಡಿಯನ್ನು ಜೋರಾಗಿ ಹತ್ತಿಸಿದ. ಅರ್ಧ ದಾರಿಯ ತಿರುವಿನಲ್ಲಿ ಅಚ್ಚು ಪಕ್ಕಕ್ಕೆ ಜಗ್ಗಿತು. ಚೈನು ಹಲ್ಲಿನ ಚಕ್ರದಿಂದ ಎಗರಿ ನಡುವೆ ಸಿಕ್ಕಿಬಿದ್ದಿತು. ಹಿಂದಿನ ಗಾಲಿಗಳು ನಿಂತಲ್ಲೇ ಹಿಡಿದುಕೊಂಡವು. ಗಾಡಿ ಹಿಂದಕ್ಕೆ ಜಾರಿ ಬಂಡೆಗೆ ಒರಗಿ ಮಗ್ಗುಲಾಯಿತು. ಚಾಲಕ ಹ್ಯಾಂಡಲ್ ಹಿಡಿದಿದ್ದ, ಅವನಿಗೆ ಏನೂ ಆಗಲಿಲ್ಲ. ನರ್ಸಮ್ಮ ಕಲ್ಲಿನ ಮೇಲೆ ಕೈಯೂರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು.

ಅವಳು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತಳು. ಆಮೇಲೆ ಎಡಗೈಯಿಂದ ಸೆರಗು ಎಳೆದು, ಮುರಿದ ಕೈಯನ್ನು ಎದೆಗೆ ಕಟ್ಟಿಕೊಡು ಎಂದಳು. ಅವನು ಕಟ್ಟಿದ.

"ಕೆಳಗ ಹೋಗೂಣ ನಡೀರಿ ಅಕ್ಕಾರ."

"ಕೂಸು ಮ್ಯಾಲೈತಿ," ಎಂದಳು.

ಗಾಡಿಯಲ್ಲಿ ಹತ್ತು ನಿಮಿಷದ ದಾರಿ. ನಡೆದರೆ ಒಂದು ತಾಸು. ಅವಳು ಮುಂದೆ, ಪೆಟ್ಟಿಗೆ ಹೊತ್ತ ಇವನು ಹಿಂದೆ. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟಾಗಲೆಲ್ಲ ಅವಳ ಬಾಯಿಂದ ಒಂದು ಸಣ್ಣ ನರಳಿಕೆ ಬರುತ್ತಿತ್ತು. ಅವನು ಅದನ್ನು ಒಂದು ತಾಸು ಪೂರ್ತಿ ಕೇಳಿದ. ನನ್ನ ಕೈ ಮುರಿದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು. ಮೇಲೆ ಹೋಗಿ ಅವಳು ಎಡಗೈಯಿಂದಲೇ ಕೂಸಿನ ಮೈ ಒರೆಸಿದಳು, ತಾಯಿಯ ಹಾಲು ಹಿಂಡಿಸಿ ಚಮಚದಲ್ಲಿ ಹನಿ ಹನಿ ಬಿಟ್ಟಳು. ಸಂಜೆಯ ಹೊತ್ತಿಗೆ ಕೂಸು ಚೀಪತೊಡಗಿತು, ಮೈ ತಣ್ಣಗಾಯಿತು. ಆಮೇಲೆ ಅವಳು ತನ್ನ ಕೈ ನೋಡಿಕೊಂಡು ಅತ್ತಳು. ಗಾಡಿಗೆ ಏನಾಯಿತೆಂದು ಊರಿನವರು ಕೇಳಿದಾಗ, "ಮಳಿಗೆ ಕಲ್ಲು ಜಾರಿತು," ಎಂದಳು. ಅವಳು ನಂಬಿದ್ದು ಅದನ್ನೇ. ಊರಿನವರೂ ನಂಬಿದರು. ಚಾಲಕ ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದ.

ಮರುದಿನ ಮಿಸ್ತ್ರಿ ಪಾನಾ ಚೀಲ ಹೆಗಲಿಗೆ ಹಾಕಿಕೊಂಡು ಆ ತಿರುವಿಗೆ ಹತ್ತಿ ಬಂದ. ಗಾಡಿಯ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತ. ಬಹಳ ಹೊತ್ತು ಏಳಲಿಲ್ಲ.

"ಗೆರಿ ನೆಟ್ಟಗ ಐತಲ್ರಿ," ಎಂದ ಚಾಲಕ. ಅವನ ದನಿ ಅವನಿಗೇ ಬೇರೆಯಾಗಿ ಕೇಳಿಸಿತು.

"ಗೆರಿ ನೆಟ್ಟಗ ಐತಿ. ಇಲ್ಲಿ ಬಾ. ಅಚ್ಚಿನ ಮ್ಯಾಲ ಬಣ್ಣ ಎಷ್ಟು ಅಗಲ ಐತಿ?"

"ಕಡ್ಡಿಯಷ್ಟು."

"ನಟ್ಟಿನ ಮ್ಯಾಲ?"

ಚಾಲಕ ನೋಡಿದ. ಮೊದಲ ಸಲ ನೋಡಿದ. ಅಚ್ಚಿನ ಮೇಲೆ ಕಡ್ಡಿಯಷ್ಟು ಅಗಲದ ಒಂದೇ ಗೆರೆ. ನಟ್ಟಿನ ಮೇಲೆ ಇದ್ದದ್ದು ಒಂದು ಗೆರೆಯಲ್ಲ. ಗೆರೆಯ ಪಕ್ಕ ಗೆರೆ, ಅದರ ಪಕ್ಕ ಇನ್ನೊಂದು ಕೂಡಿ ಅರ್ಧ ನಟ್ಟು ಬೆಳ್ಳಗಾಗಿತ್ತು. ದಿನಾ ಎದ್ದು ಅಚ್ಚಿನ ಮೇಲೆ ಅವನು ಅದೇ ಜಾಗದಿಂದ ಕೈ ಶುರು ಮಾಡುತ್ತಿದ್ದ. ನಟ್ಟು ಮಾತ್ರ ದಿನಾ ಕೂದಲು ಕೂದಲಷ್ಟು ತಿರುಗಿ ಹೊಸ ಜಾಗ ಒಡ್ಡುತ್ತಿತ್ತು. ಬೆಳ್ಳಗಾದಷ್ಟೂ ಅದು ಸಡಿಲವಾಗಿತ್ತು. ಬೆಳ್ಳಗಿನ ನಟ್ಟು ಚಂದ ಕಾಣುತ್ತದೆ ಎಂದು ಅವನು ಒಂದೆರಡು ಸಲ ಅಂದುಕೊಂಡದ್ದೂ ಇತ್ತು.

ಅವನು ಅಲ್ಲೇ ಕುಸಿದು ಕುಳಿತ.

"ನಾ ಗಾಡಿ ನಿಲ್ಲಬಾರದು ಅಂತ ಮಾಡಿದೆ," ಎಂದ. "ದೇವರಾಣಿ, ಅದಕ ಮಾಡಿದೆ."

"ಗೊತ್ತು," ಎಂದ ಮಿಸ್ತ್ರಿ. "ಡಬ್ಬಿ ನಿನ್ನ ಕೈಯಾಗ ಕೊಟ್ಟದ್ದು ನನ್ನ ತಪ್ಪು. ಗೆರಿ ಎಳಿಯಾವ ಬ್ಯಾರೆ, ನೋಡಾವ ಬ್ಯಾರೆ ಇರಬೇಕಾಗಿತ್ತು. ಅವಸರದಾಗ ಕೊಟ್ಟುಬಿಟ್ಟೆ. ನಾ ನನ್ನ ತಪ್ಪು ಹೇಳೀನಿ. ನಿಂದು ಯಾರಿಗೆ ಹೇಳಬೇಕು ಅನ್ನೂದು ನಿನಗ ಬಿಟ್ಟದ್ದು."

ಚಾಲಕ ಆ ದಿನ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಹೇಳಿದರೆ ಗಾಡಿಯನ್ನು ತನ್ನ ಕೈಯಿಂದ ಕಿತ್ತುಕೊಳ್ಳುತ್ತಾರೆ. ಗಾಡಿ ಹೋದರೆ ಅವನು ಯಾರು? ಮೂರನೆಯ ದಿನ ಎದ್ದು, ಗುಡ್ಡ ಇಳಿದು, ಆಸ್ಪತ್ರೆಗೆ ಹೋದ. ನರ್ಸಮ್ಮ ಕೈಗೆ ಪಟ್ಟಿ ಹಾಕಿಸಿಕೊಂಡು ಬಾಕಿನ ಮೇಲೆ ಕುಳಿತಿದ್ದಳು.

"ಕಲ್ಲು ಜಾರಲಿಲ್ಲ ಅಕ್ಕಾರ. ನಟ್ಟು ಸಡಲ ಆಗಿತ್ತು. ಗೆರಿ ಮುರದಿತ್ತು. ನಾ ಮ್ಯಾಲಿಂದ ಮ್ಯಾಲ ಬಣ್ಣ ಹಚ್ಚತಿದ್ದೆ."

"ಎಷ್ಟು ದಿನದಿಂದ?"

"ಗೊತ್ತಿಲ್ರಿ. ಎಳದ ಮ್ಯಾಲ ನೋಡತಿದ್ದೆ. ಎಳಿಯೂಕ್ಕಿಂತ ಮೊದಲ ನೋಡಲಿಲ್ಲ."

ನರ್ಸಮ್ಮನ ಮುಖ ಕೆಂಪಾಯಿತು. "ನಾ ಕೇಳಿದ್ದೆ. ಸದ್ದು ಬರತೈತಿ ಅಂತ ನಿನ್ನ ಕೇಳಿದ್ದೆ. ನೆಟ್ಟಗ ಐತಿ ಅಂದಿ. ನನಗ ಈಗ ಭಾಳ ಸಿಟ್ಟು ಬಂದೈತಿ. ಇವತ್ತು ಹೋಗು ನೀನು. ನನ್ನ ಮುಂದ ನಿಲ್ಲಬ್ಯಾಡ."

ಅವನು ಹೋದ. ಬೈಸಿಕೊಂಡವನಿಗೆ ಆಗಬೇಕಾದ ಅವಮಾನ ಆಯಿತು. ಅದರ ಕೆಳಗೆ, ಎಷ್ಟೋ ತಿಂಗಳಿಂದ ಎದೆಯಲ್ಲಿದ್ದ ಏನೋ ಒಂದು ಬಿಟ್ಟುಕೊಂಡ ಹಾಗೂ ಆಯಿತು. ಅದೇನೆಂದು ಅವನಿಗೆ ತಿಳಿಯಲಿಲ್ಲ.

ಗಾಡಿ ಹನ್ನೊಂದು ದಿನ ನಿಂತಿತು. ಆ ಹನ್ನೊಂದು ದಿನ ಬಿದಿರು ಹೊರಗೇ ಇತ್ತು. ಎರಡು ಸಲ ಜೋಲಿ ಇಳಿಯಿತು. ಎರಡು ಸಲವೂ ಚಾಲಕ ಹೆಗಲು ಕೊಟ್ಟ. ಮಿಸ್ತ್ರಿ ಹೊಸ ಬೇರಿಂಗು ಹಾಕಿದ, ಎರಡು ನಟ್ಟುಗಳನ್ನು ಎದುರಾಬದುರು ಬಿಗಿದ, ಹಳೆಯ ಬಣ್ಣವನ್ನೆಲ್ಲ ಕೆರೆದು ಒಂದು ಗೆರೆ ಎಳೆದ. ಡಬ್ಬಿಯನ್ನು ತನ್ನ ಪೆಟ್ಟಿಗೆಯಲ್ಲೇ ಇಟ್ಟುಕೊಂಡ. "ಮಾಸಿದರೂ ಬಾ, ಮುರದರೂ ಬಾ," ಎಂದ.

ಒಂದೂವರೆ ತಿಂಗಳಾದ ಮೇಲೆ ನರ್ಸಮ್ಮ ಮತ್ತೆ ಗುಡ್ಡಕ್ಕೆ ಹೊರಟಳು. ಗಾಡಿ ಹತ್ತುವ ಮೊದಲು ಹಿಂದೆ ಹೋಗಿ, ಬಗ್ಗಿ, ಗೆರೆ ನೋಡಿದಳು. ಚಾಲಕ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅವಳು ಹತ್ತಿ ಕುಳಿತಳು. ಅಂದಿನಿಂದ ಹತ್ತುವ ಪ್ರತಿ ಸಲವೂ ಅವಳೂ ನೋಡಿದಳು, ಅವನೂ ನೋಡಿದ. ಗೆರೆ ಆಮೇಲೂ ಮುರಿಯಿತು. ವರ್ಷಕ್ಕೆ ಎರಡೋ ಮೂರೋ ಸಲ ಗಾಡಿ ನಿಂತಿತು. ನಿಂತಾಗ ಅದು ಸಾಮಾನ್ಯವಾಗಿ ಅರ್ಧ ದಿನದ ಕೆಲಸ. ಆ ಗುಡ್ಡದ ದಾರಿಯಲ್ಲಿ ಆ ಗಾಡಿ ಇನ್ನೊಮ್ಮೆ ಮಗುಚಲಿಲ್ಲ.

ಅಜ್ಜ ಕತೆ ನಿಲ್ಲಿಸಿ ನೀರು ಕುಡಿದರು.

ಷಡಕ್ಷರಿ ಮೊದಲು ಒಂದು ವಿಚಿತ್ರ ಪ್ರಶ್ನೆ ಕೇಳಿದ. "ಅವರು ಅವನ್ನ ಕೆಲಸದಿಂದ ತಗೀಲಿಲ್ಲೇನ್ರಿ?"

"ಸುದ್ದಿ ಊರಿಗೂ ಮುಟ್ಟಿತು, ಊರವರು ಕೂಡಿ ಮಾತಾಡಿದರು. ತಗದು ಹೊಸಬನ್ನ ಇಟ್ಟರ ಅವ ಇನ್ನೂ ಈ ತಪ್ಪು ಮಾಡಿ ಕಲಿಯಾವ. ಇವ ಮಾಡಿ ಕಲತಾವ. ಇವನ ಇರಲಿ ಅಂದರು. ಅದು ನಿನಗ ಯಾಕ ಬೇಕಾಗಿತ್ತು? ಶಾಖಾಮಠದ ಚಿಂತಿ ಏನು?"

ಷಡಕ್ಷರಿಯ ಕಿವಿ ಬಿಸಿಯಾಯಿತು. ಅವನು ದಡ್ಡನಲ್ಲ. ಹನ್ನೊಂದು ದಿನದ ಮೌನ, ತಿಂಗಳ ಉಪ್ಪು, ಹತ್ತು ಸಾವಿರ ಜಪ ಅವನ ಕಣ್ಣ ಮುಂದೆ ಒಂದರ ಪಕ್ಕ ಒಂದು ಬಂದು ನಿಂತವು. ಒಂದೊಂದು ವ್ರತ ಹಿಡಿದಾಗಲೂ ತನಗೆ ಎಷ್ಟು ಹಗುರಾಗಿತ್ತು ಎಂಬುದೂ ನೆನಪಾಯಿತು. ಇದನ್ನು ನಾನು ಯಾಕೆ ಮೊದಲೇ ಕಾಣಲಿಲ್ಲ ಎಂದು ನಾಚಿಕೆಯಾಯಿತು. ಕಂಡೆನಲ್ಲ ಎಂದು ಸ್ವಲ್ಪ ಸಂತೋಷವೂ ಆಯಿತು.

"ಹೊಸ ವ್ರತ ಬ್ಯಾಡ್ರಿ ಅಜ್ಜಾರ," ಎಂದ.

"ಚಲೋ ಆತು."

"ಇನ್ನ ಮ್ಯಾಲ ದಿನಾ ನೋಡಿಕೋತೀನಿ. ಧ್ಯಾನಕ್ಕ ಕುಂತಾಗ ನನ್ನ ಮನಸ್ಸು ಎಲ್ಲಿ ಮುರೀತು ಅಂತ ಒಳಗ ಬಗ್ಗಿ ನೋಡತೀನಿ. ಮೊದಲ ಎಲ್ಲಿಂದ ನೋಡಲಿ, ಅದೊಂದು ಹೇಳ್ರಿ."

ರುದ್ರಯ್ಯಜ್ಜ ಅವನನ್ನೇ ನೋಡಿದರು.

"ನಿನ್ನೆ ನೀ ಬೈದು ಪಂಕ್ತಿಯಿಂದ ಎಬ್ಬಿಸಿದ ಮನುಷ್ಯ ಆಮ್ಯಾಲ ಎಲ್ಲಿ ಉಂಡ?"

ಅದು ಷಡಕ್ಷರಿಗೆ ಗೊತ್ತಿರಲಿಲ್ಲ. ಅವನು ಎದ್ದು ಆ ಮನುಷ್ಯನನ್ನು ಹುಡುಕಿಕೊಂಡು ಹೊರಟ.